ಬಳವಲ ಗಿಡದ ಕಾಗದ

ಭಾಗಪ್ಪ ಎರಡನೆಯ ಪೆಟ್ಟು ಹಾಕಲು ಕೊಡಲಿ ಎತ್ತಿದಾಗ ಮುರಿಗೆವ್ವ ನಡುವೆ ಬಂದು ನಿಂತಳು. ಮೊದಲ ಪೆಟ್ಟು ಆಗಲೇ ಬಿದ್ದಿತ್ತು. ಬಳವಲದ ಕಾಂಡದಲ್ಲಿ ಅಂಗೈ ಅಗಲದ ತೊಗಟೆ ಹಾರಿ, ಒಳಗಿನ ಹಳದಿ ಬಿಳುಪು ಕಾಣುತ್ತಿತ್ತು.

“ಕೊಡ್ಲಿ ಇಳಸ್ತೀಯೋ, ನನ್ನ ಮ್ಯಾಲೆ ಹಾಕ್ತೀಯೋ?”

“ನನ್ನ ಮ್ಯಾಲೆ ಯಾಕ ಸಿಟ್ಟಾಗ್ತೀ ಬೇ? ಸಾವಕಾರ್ರು ಕಳಿಸ್ಯಾರ, ಬಂದೇವಿ. ಕೂಲಿಯವ್ರು ನಾವು.”

“ನಾ ಕೊಟ್ಟಿದ್ದು ಬದುವಿನ ಜಾಲಿ ಕಂಟಿ. ಇದು ಜಾಲಿಯೇನೋ? ಕಣ್ಣು ಮನ್ಯಾಗ ಇಟ್ಟು ಬಂದೀಯೇನು?”

“ಜಾಲಿ ಮುಗದಾವ. ಇನ್ನ ಬಳವಲ ಕಡೀರಿ ಅಂದಾರ. ಕಾಗದದಾಗ ಹಂಗ ಬರದೈತಂತ. ನೀನ ಹೆಬ್ಬಟ್ಟು ಒತ್ತೀಯಂತಲ್ಲ?”

ಮುರಿಗೆವ್ವ ಒತ್ತಿದ್ದಳು, ನಿಜ. ಅದನ್ನು ಕೇಳಿಯೇ ಅವಳ ಸಿಟ್ಟು ನೆತ್ತಿಗೇರಿತು.

ಅದು ೧೯೪೩ರ ಕಾರ್ತಿಕ. ಯುದ್ಧದಿಂದಾಗಿ ಪೆಟ್ರೋಲು ಸಿಗುತ್ತಿರಲಿಲ್ಲ. ವಿಜಾಪುರದ ಬಸ್ಸುಗಳು ಬೆನ್ನಿಗೊಂದು ಕಬ್ಬಿಣದ ಒಲೆ ಕಟ್ಟಿಕೊಂಡು ಇದ್ದಲಿಯ ಹೊಗೆಯ ಮೇಲೆ ಓಡುತ್ತಿದ್ದವು. ಬಬಲೇಶ್ವರದ ಶಿವಯೋಗೆಪ್ಪ ಎಂಬ ಗುತ್ತೇದಾರ ವಿಜಾಪುರದಲ್ಲಿ ಇದ್ದಲಿ ಅಂಗಡಿ ತೆರೆದು, ಹಳ್ಳಿಹಳ್ಳಿಯ ಹೊಲಗಳಲ್ಲಿ ಕಟ್ಟಿಗೆ ಕಡಿಸಿ ಸುಡಿಸುತ್ತಿದ್ದ. ಮೂರು ವಾರದ ಹಿಂದೆ ಅವನು ಟಿಕೋಟಾಕ್ಕೂ ಬಂದಿದ್ದ. ಮುರಿಗೆವ್ವನ ಬಾವಿಯ ಕಟ್ಟೆ ಕುಸಿದಿತ್ತು. ಬದುವಿನ ಜಾಲಿ ಕೊಟ್ಟರೆ ಬರುವ ದುಡ್ಡಿನಲ್ಲಿ ಕಟ್ಟೆ ಕಟ್ಟಿಸಬಹುದೆಂದು ಅವಳು ಒಪ್ಪಿದಳು. ಜೊತೆಗೆ ಬಂದಿದ್ದ ಕಾರಕೂನ ಮೈಸೂರು ಕಡೆಯವನು, ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಅವನು ಕಾಗದ ಓದಿದ: “ಸದರಿ ಹೊಲದಲ್ಲಿಯ ಮರಗಳನ್ನು ಕಡಿದು ಒಯ್ಯತಕ್ಕದ್ದು. ಗಿಡಗಳಿಗೆ ಯಾವ ಅಪಾಯವನ್ನೂ ಮಾಡತಕ್ಕದ್ದಲ್ಲ.”

ಮೊದಲ ಸಾಲಿನ ‘ಮರ’ ಅವಳಿಗೆ ತಿಳಿಯಲಿಲ್ಲ. ಪುಸ್ತಕದ ಮಾತು, ಕಂಟಿಗೆ ಹಾಗೆ ಅನ್ನುತ್ತಿರಬೇಕು ಎಂದುಕೊಂಡಳು. ಎರಡನೆಯ ಸಾಲು ಸ್ಪಷ್ಟವಾಗಿ ತಿಳಿಯಿತು. ಆದರೂ ಕೇಳಿದ್ದಳು, “ಗಿಡ ಮುಟ್ಟೂದಿಲ್ಲಲ್ಲ?” ಶಿವಯೋಗೆಪ್ಪ ನಕ್ಕು, “ಕೇಳಿದೆಲ್ಲ ಬೇ, ಬರದೈತಿ. ನಮ್ಮೂರ ಹೆಣ್ಣಮಗಳು ನೀ, ನಿನಗ ಮೋಸ ಮಾಡ್ತೇನೇನು?” ಎಂದಿದ್ದ. ಮುರಿಗೆವ್ವನ ತವರು ಬಬಲೇಶ್ವರ. ಅವಳು ಹೆಬ್ಬೆರಳು ಚಾಚಿದ್ದಳು.

ಅವಳ ನೆನಪಿನಲ್ಲಿ ಆ ಸುತ್ತಿನಲ್ಲಿ ನಾಲ್ಕು ಬಳವಲಗಳಿದ್ದವು. ಒಂದು ಎಣ್ಣೆಯ ಗಾಣಕ್ಕೆ ಹೋಯಿತು. ಒಂದು ಯಾರದೋ ಮನೆಯ ತೊಲೆಯಾಯಿತು. ಮೂರನೆಯದನ್ನು ಅಂಟಿನ ಆಸೆಗೆ ಜನ ಸುತ್ತಲೂ ಕೆತ್ತಿ ಕೆತ್ತಿ ಒಣಗಿಸಿದರು. ಉಳಿದದ್ದು ಅವಳ ಹೊಲದ ಈ ನಾಲ್ಕನೆಯದು. ಅದಕ್ಕೆ ಅವಳು ಕಟ್ಟಳೆ ಮಾಡಿದ್ದಳು. ಕಲ್ಲು ಒಗೆಯಬಾರದು, ಗಳದಿಂದ ಬಡಿಯಬಾರದು. ತೊಗಟೆಗೆ ಕತ್ತಿ ತಾಗಿಸಬಾರದು, ಅಂಟು ತಾನಾಗಿ ಒಸರಿದಷ್ಟೇ ತೆಗೆಯಬೇಕು. ಹಣ್ಣಾಯಿತೋ ಇಲ್ಲವೋ ಎಂಬ ಜಗಳ ಬಂದರೆ ಒಂದು ಮೊಳ ಎತ್ತರದಿಂದ ನೆಲಕ್ಕೆ ಬಿಟ್ಟು ನೋಡಬೇಕು, ಪುಟಿದರೆ ಕಾಯಿ, ಪುಟಿಯದೆ ಕೂತರೆ ಹಣ್ಣು. ಬಾವಿಯ ಬಳಿ ಬೀಜ ಹಾಕಿ ಎಬ್ಬಿಸಿದ ಎರಡು ಸಸಿಗಳಿದ್ದವು. ಐದು ವರ್ಷವಾದರೂ ಎದೆಮಟ್ಟ ಬೆಳೆದಿರಲಿಲ್ಲ. ಬಳವಲ ಬೆಳೆಯುವುದೇ ಹಾಗೆ, ಬೀಜದಿಂದ ಕಾಯಿಗೆ ಹದಿನೈದು ವರ್ಷ.

ಅರ್ಧ ಬಲಿತ ಕಾಯಿಯ ತಿರುಳನ್ನು ಅವಳು ಬಿಲ್ಲೆ ಕೊಯ್ದು ನೆರಳಲ್ಲಿ ಒಣಗಿಸಿ ಕುಟ್ಟಿಡುತ್ತಿದ್ದಳು. ಆ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಭೇದಿ ಹತ್ತಿದವರಿಗೆ ಎರಡು ದಿನ ಕೊಟ್ಟರೆ ಹೊಟ್ಟೆ ಹಿಡಿತಕ್ಕೆ ಬರುತ್ತಿತ್ತು. ಕೂಸಿನ ಹೊಟ್ಟೆಯುಬ್ಬರಕ್ಕೆ ಎಲೆಯ ರಸ, ಹೊಟ್ಟೆ ಮುರಿತದ ಭೇದಿಗೆ ನೀರಲ್ಲಿ ನೆನೆಸಿದ ಅಂಟು. ಆ ವರ್ಷ ಸರಕಾರಿ ಅಂಗಡಿಯ ಹುಳು ಹತ್ತಿದ ಕಾಳು ತಿಂದು ಮನೆಮನೆಯಲ್ಲೂ ಹೊಟ್ಟೆ ಕೆಟ್ಟಿತ್ತು. ಯಾವುದಕ್ಕೆ ನಡೆಯುತ್ತದೆ, ಯಾವುದಕ್ಕಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಕ್ಕಿ ತೊಳೆದ ನೀರಿನಂಥ ಭೇದಿ ಎಂದು ಯಾರಾದರೂ ಹೇಳಿದರೆ, “ಅದು ಕಾಲರಾ. ನನ್ನ ಬಾಗಲದಾಗ ನಿಂದ್ರಬ್ಯಾಡ, ದವಾಖಾನಿಗೆ ಗಾಡಿ ಕಟ್ಟು” ಎಂದು ಬೈದು ಕಳಿಸುತ್ತಿದ್ದಳು.

“ಕಾಗದದಾಗ ಗಿಡ ಮುಟ್ಟಬಾರದು ಅಂತ ಬರದೈತಿ,” ಎಂದಳು ಭಾಗಪ್ಪನಿಗೆ. “ನನ್ನ ಕಿವಿಯಿಂದ ಕೇಳೇನಿ.”

“ನಾನೂ ಅದನ್ನ ಕೇಳಿದ್ನೆವ್ವಾ ಕಾರಕೂನಗ. ಗಿಡ ಅಂದ್ರ ಸಣ್ಣು, ದೊಡ್ಡೂಕ್ಕ ಮರ ಅಂತಾರ ಅಂದ.”

“ಮರ?”

“ಹೂಂ. ಮರ ಅಂದ.”

ಮುರಿಗೆವ್ವನ ಕಡೆ ಎಷ್ಟು ಎತ್ತರ ಬೆಳೆದರೂ ಗಿಡ ಗಿಡವೇ. ಅವಳಿಗೆ ಗೊತ್ತಿದ್ದ ಮರ ಒಂದೇ, ಜೋಳ ಕೇರುವ ಬಿದಿರಿನ ಮರ. ಮದುವೆಯಲ್ಲಿ ಬಾಗಿಣ ಕೊಡುವುದೂ ಅದರಲ್ಲೇ.

ಪಕ್ಕದ ಹೊಲದ ಹಾಜಿರಾಬಿ ಸದ್ದು ಕೇಳಿ ಬಂದಿದ್ದಳು. ಬಂದವಳೇ ಕೊಡಲಿ ಬಿದ್ದ ಜಾಗಕ್ಕೆ ಬೆನ್ನು ಹಚ್ಚಿ ಕುಳಿತು, ಕಾಲು ಚಾಚಿದಳು.

“ನೀ ಹೋಗಿ ಬಾರಬೇ ಮುರಿಗೆವ್ವಾ. ನಾ ಇಲ್ಲೇ ಇರ್ತೀನಿ. ಏ ಭಾಗಪ್ಪ, ನನ್ನ ಕಡದು ಮ್ಯಾಲೆ ಗಿಡ ಕಡಿಯೋ. ನನ್ನ ಕಟಗೀನೂ ಒಣಗೇತಿ, ಛಲೋ ಇದ್ದಲಿ ಆಗ್ತೈತಿ.”

ಭಾಗಪ್ಪ ಕೊಡಲಿ ನೆಲಕ್ಕೂರಿ ಎಲೆ ಅಡಕೆ ತೆಗೆದ. “ಸಂಜೀತನಾ ಕಾಯ್ತೀನಿ ನೋಡಬೇ. ಆಮ್ಯಾಲೆ ನನ್ನ ಕೂಲಿ ಹೋಗ್ತೈತಿ.”

ಮುರಿಗೆವ್ವ ಮನೆಗೆ ಹೋಗಿ ಗೂಟಕ್ಕಿದ್ದ ಎರಡು ಮರ ಇಳಿಸಿ, ಬಗಲಲ್ಲಿ ಹಿಡಿದು ವಿಜಾಪುರದ ಬಸ್ಸು ಹತ್ತಿದಳು. ಹನ್ನೆರಡು ಮೈಲಿಗೆ ಬಸ್ಸು ಎರಡು ಸಲ ನಿಂತಿತು. ಪ್ರತಿ ಸಲವೂ ಕ್ಲೀನರ್ ಇಳಿದು ಒಲೆ ಕೆದಕಿ ಇದ್ದಲಿ ಸುರಿದ. ಆ ಕರಿ ತುಂಡುಗಳನ್ನು ನೋಡುತ್ತ ಅವಳು ಹಲ್ಲು ಕಚ್ಚಿ ಕೂತಳು. ಅದರಲ್ಲಿ ಯಾವುದು ಜಾಲಿ, ಯಾವುದು ಬಳವಲ, ಸುಟ್ಟ ಮೇಲೆ ಯಾರೂ ಹೇಳಲಾರರು.

ಶಿವಯೋಗೆಪ್ಪನ ಅಂಗಡಿಯ ಮುಂದೆ ಚೀಲ ತುಂಬಿಸಿಕೊಳ್ಳಲು ಮೂರ್ನಾಲ್ಕು ಮಂದಿ ಡ್ರೈವರರು ನಿಂತಿದ್ದರು. ಒಳಗೆ ಗಾದಿಯ ಮೇಲೆ ಶಿವಯೋಗೆಪ್ಪ, ಕೆಳಗೆ ಡೆಸ್ಕಿನ ಮುಂದೆ ಕಾರಕೂನ. ಮುರಿಗೆವ್ವ ಎರಡೂ ಮರಗಳನ್ನು ಡೆಸ್ಕಿನ ಮೇಲೆ ಒಗೆದಳು. ಮಸಿಕುಡಿಕೆ ಉರುಳಿತು.

“ಮರ ಒಯ್ಯತಕ್ಕದ್ದು ಅಂತ ಬರಕೊಂಡೀರೆಲ್ಲ ಸಾವಕಾರ್ರ, ತಗೋರಿ. ಮನ್ಯಾಗ ಇದ್ದೂವ ಎರಡು. ಇವನ್ನ ಸುಟ್ಟು ಬಸ್ಸು ಹೊಡೀರಿ.”

ಡ್ರೈವರರು ಬಾಗಿಲಿಗೆ ಬಂದರು. ಶಿವಯೋಗೆಪ್ಪ ಧೋತರದ ಚುಂಗಿಗೆ ಸಿಡಿದ ಮಸಿ ನೋಡಿಕೊಂಡ.

“ಏನಿದು ಹುಚ್ಚಾಟ? ಮರ ಅಂದ್ರ ದೊಡ್ಡ ಗಿಡ... ಅಂದ್ರ, ದೊಡ್ಡದು. ಕಾಗದ ಅಂದ್ರ ಕಾಗದ ಬೇ. ಬರದಂಗ ನಡೀಬೇಕು. ಬಾವಿ ಹತ್ರ ಎರಡು ಸಣ್ಣು ಅದಾವಲ್ಲ, ಅವು ಗಿಡ. ಅವನ್ನ ಮುಟ್ಟೂದಿಲ್ಲ.”

“ಅವು ಸಸಿ! ಕಾಯಿ ಬಿಡಾಕ ಇನ್ನ ಹತ್ತು ವರ್ಷ ಬೇಕು. ಅಲ್ಲೀತನಾ ಭೇದಿ ಹತ್ತಿದ ಕೂಸಿಗೆ ತಡಕೋ ಅನ್ಲೇನು?”

“ಅದು ನನಗ್ಯಾಕ ಹೇಳ್ತಿ?”

“ಹೇಳೂದಿಲ್ಲ ಬಿಡ್ರಿ. ಒಂದು ಮಾತು ಕೇಳ್ತೀನಿ. ಬಬಲೇಶ್ವರದ ಸಂತ್ಯಾಗ ನಿಮ್ಮಪ್ಪ ಎಣ್ಣಿ ಮಾರತಿದ್ದ. ಎದರ ಕೆಳಗ ಕುಂದರ್ತಿದ್ದ?”

ಶಿವಯೋಗೆಪ್ಪನಿಗೆ ಆ ಮಾತು ಚುಚ್ಚಿತು. ತಂದೆ ನೆಲದ ಮೇಲೆ ಕೂತು ಎಣ್ಣೆ ಮಾರಿದ್ದನ್ನು ಡ್ರೈವರರ ಎದುರು ಎತ್ತಿ ಆಡುತ್ತಿದ್ದಾಳೆ ಎಂದು ರೇಗಿದ. “ಕುಂದರ್ತಿದ್ದ, ಬೇವಿನ ಗಿಡದ ಕೆಳಗ! ಅದರಾಗ ನಾಚಿಕಿ ಏನೈತಿ?”

“ಯಾವ ಗಿಡದ ಕೆಳಗ?”

ಬಾಗಿಲಲ್ಲಿದ್ದ ರಾಯಪ್ಪ, ಬಬಲೇಶ್ವರದ ಬಸ್ಸಿನ ಡ್ರೈವರ, ಗೊಳ್ಳನೆ ನಕ್ಕ. “ಆ ಗಿಡದ ಕೆಳಗ ನನ್ನ ಬಸ್ಸು ನಿಲ್ತೈತ್ರಿ ಸಾವಕಾರ್ರ. ಸಣ್ಣದೇನಲ್ಲದು.”

“ಲೇ, ನೀ ಚೀಲ ತಗೊಂಡು ನಡಿ!”

ಕಾರಕೂನ ಅಲ್ಲಿಯವರೆಗೆ ಚೆಲ್ಲಿದ ಮಸಿಯನ್ನು ಒರೆಸುತ್ತಿದ್ದ. ಈಗ ಬಟ್ಟೆ ಕೆಳಗಿಟ್ಟು ಎದ್ದು ನಿಂತ. ಇಪ್ಪತ್ತೈದರ ಸಣಕಲ ಮನುಷ್ಯ.

“ಅಮ್ಮಾ, ಬರೆದದ್ದು ನಾನು. ನಮ್ಮ ಕಡೆ ಗಿಡ ಅಂದರೆ ಚಿಕ್ಕದು. ಇಲ್ಲಿಯ ಜನ ಎಲ್ಲದಕ್ಕೂ ಗಿಡ ಅನ್ನೋದು ಕೇಳಿ, ಇದನ್ನು ತಿದ್ದಬೇಕಲ್ಲವೇ ಅಂತ ಇವರನ್ನು ಕೇಳಿದೆ. ಬೇಡ, ಹಾಗೇ ಇರಲಿ, ಅದೇ ಅನುಕೂಲ ಅಂದರು. ನನ್ನನ್ನು ಕೋರ್ಟಿಗೆ ಕರೆದರೆ ಇದನ್ನೇ ಹೇಳ್ತೇನೆ.”



ಮುರಿಗೆವ್ವನಿಗೆ ಅದುವರೆಗೆ ಇದ್ದದ್ದು ಒಂದು ಬಗೆಯ ಸಿಟ್ಟು. ಮೈಸೂರಿನವನಿಗೆ ಮಾತು ತಿಳಿಯಲಿಲ್ಲ, ತನಗೆ ಪುಸ್ತಕ ತಿಳಿಯಲಿಲ್ಲ, ನಡುವೆ ಗಿಡ ಸಿಕ್ಕಿಬಿತ್ತು ಎಂದುಕೊಂಡಿದ್ದಳು. ಈಗ ಅದು ಬೇರೆಯೇ ಆಯಿತು. ಈ ಮನುಷ್ಯ ಹುಟ್ಟಿದಂದಿನಿಂದ ಗಿಡಕ್ಕೆ ಗಿಡ ಎಂದೇ ಕರೆದವನು. ಅದೇ ಮಾತನ್ನು ತನ್ನ ಮುಂದೆ ಓದಿಸಿ, ನಕ್ಕು, ನಮ್ಮೂರ ಹೆಣ್ಣುಮಗಳು ಎಂದಿದ್ದ.

“ಶಿವಯೋಗೆಪ್ಪಾ,” ಎಂದಳು. ಸಾವಕಾರ ಹೋಗಿತ್ತು, ರಿ ಹೋಗಿತ್ತು. “ನಾಲಿಗಿ ಮಾರಿಕೊಂಡೀ ನೀನು. ಮೈಸೂರವಗ ನಾಚಿಕಿ ಐತಿ, ನಿನಗಿಲ್ಲ. ಬರಸು, ಈಗ, ನನ್ನ ಮುಂದ.”

ಶಿವಯೋಗೆಪ್ಪ ಬಾಗಿಲ ಕಡೆ ನೋಡಿದ, ಕಾರಕೂನನ ಕಡೆ ನೋಡಿದ. ಕೋರ್ಟು ಎಂಬ ಮಾತು ಅವನಿಗೆ ಹಿಡಿಸಿರಲಿಲ್ಲ. “ಬರಿಯೋ. ಆಕೀದೊಂದು ಬಿಟ್ಟುಬಿಡು. ತಗೊಂಡು ಬಾಯಿ ಮುಚ್ಚಿಕೊಂಡು ಹೋಗ್ಲಿ.”

ಕಾರಕೂನ ಹೊಸ ಹಾಳೆ ತೆಗೆದು ಬರೆದು ಓದಿದ: “ಬೇಲದ ಮರವೊಂದನ್ನು ಬಿಟ್ಟು...”

“ತಡಿಯಪ್ಪಾ. ಬ್ಯಾಲ ಅಂದ್ರೇನು? ಮತ್ತ ಮರ ಹಚ್ಚಿದೆ ನೋಡು! ಹೊಡದು ಹಾಕು. ಬಳವಲ ಗಿಡ ಅಂತ ಬರಿ.”

ಅವನು ಹೊಡೆದು ಹಾಕಿ, “ಬಳವಲ ಗಿಡ, ದೊಡ್ಡದು, ಒಂದು, ಅದರ ಕೊಂಬೆಗೂ ಕೈ ಹಚ್ಚತಕ್ಕದ್ದಲ್ಲ” ಎಂದು ಬರೆದ. ಅವಳು ಎರಡು ಸಲ ಓದಿಸಿದಳು. ಶಿವಯೋಗೆಪ್ಪ ಸಹಿ ಮಾಡಿದ. ರಾಯಪ್ಪ ಕರಿಬಡಿದ ಕೈ ಒರೆಸಿಕೊಂಡು ಸಾಕ್ಷಿ ಹಾಕಿದ. ಭಾಗಪ್ಪನಿಗೆ ತೋರಿಸಲು ಇನ್ನೊಂದು ಪ್ರತಿ ಬರೆಸಿ, ಟಿಕೋಟಾ ಬಸ್ಸಿನವನ ಕೈಯಲ್ಲಿ ಹಾಜಿರಾಬಿಗೆ ಮುಟ್ಟಿಸು ಎಂದು ಕೊಟ್ಟಳು. ತನ್ನದನ್ನು ಮಡಚಿ ಕುಬಸದೊಳಗೆ ಇಟ್ಟುಕೊಂಡಳು.

ಆದರೆ ಹೋಗಲಿಲ್ಲ.

“ಆಕೀದೊಂದು ಅಂದೆಲ್ಲ ಶಿವಯೋಗೆಪ್ಪ. ಇನ್ನ ಎಷ್ಟು ಮಂದೀದು ಐತಿ ಇಂಥಾ ಕಾಗದ?”

“ನಿನ್ನ ಕೆಲಸ ಆತಿಲ್ಲೋ? ಬಾಯಿ ಮುಚ್ಚಿಕೊಂಡು ಹೋಗಬೇಕು ಅಂತ ಮಾತಾಗೇತಿ.”

ಮುರಿಗೆವ್ವ ಕಾರಕೂನನ ಕಡೆ ತಿರುಗಿದಳು. “ಬಾಯಿ ಮುಚ್ಚಬೇಕು ಅಂತ ಇದರಾಗ ಬರದೀಯೇನಪ್ಪಾ?”

“ಇಲ್ಲಮ್ಮ. ಬರೆದಿಲ್ಲ.”

“ಕಾಗದ ಅಂದ್ರ ಕಾಗದ ಅಂದಾರ ಸಾವಕಾರ್ರು. ಓದು, ಯಾರ್‍ಯಾರದು?”

ಶಿವಯೋಗೆಪ್ಪ ಗಾದಿಯಿಂದ ಎದ್ದ. “ಓದಿದ್ರ ಇವತ್ತಿಂದ ನಿನಗ ಇಲ್ಲಿ ಕೆಲಸ ಇಲ್ಲ ನೋಡು!”

ಕಾರಕೂನ ಕಡತ ಬಿಚ್ಚಿದ. ಹನ್ನೊಂದು ಹೆಸರು ಓದಿದ, ಕಳ್ಳಕವಟಗಿಯ ಮೂವರು, ಅರಕೇರಿಯ ಇಬ್ಬರು, ಉಳಿದವರು ಬಬಲೇಶ್ವರದ ಸುತ್ತಿನವರು. ಎಲ್ಲ ಹೊಲಗಳಲ್ಲೂ ಬಳವಲವೋ ನೇರಳೆಯೋ ಇತ್ತು. ಎಲ್ಲ ಕಾಗದದಲ್ಲೂ ಅದೇ ಎರಡು ಸಾಲು. ಕಳ್ಳಕವಟಗಿಯ ಎರಡು ಹೆಸರಿಗೆ ಬಂದಾಗ ಅವನು ನಿಂತ. “ಇವರದು ಮೊನ್ನೆಯೇ ಕಡಿದಾಯಿತಮ್ಮ.”

ಓದು ಬಾರದ ಮುರಿಗೆವ್ವ ಬೆರಳ ಗೆಣ್ಣಿಗೆ ಒಂದರಂತೆ ಹೆಸರು ಕೂಡಿಸಿಕೊಂಡಳು. ಕಡಿದಾದ ಎರಡನ್ನೂ ಬಿಡಲಿಲ್ಲ.

ಅಂದು ಬಬಲೇಶ್ವರದ ಸಂತೆ. ರಾಯಪ್ಪನ ಬಸ್ಸಿನ ಒಲೆ ಹತ್ತಿಕೊಳ್ಳಲು ಅರ್ಧ ತಾಸು ಹಿಡಿಯಿತು. ಅವಳು ಅಷ್ಟೂ ಹೊತ್ತು ನಿಂತೇ ಇದ್ದಳು. ಸಂತೆಯಲ್ಲಿ ಇಳಿದವಳು ಮೆಣಸಿನಕಾಯಿ ಸಾಲಿನ ನಡುವೆ ನಿಂತು ಒಂದೊಂದೇ ಹೆಸರು ಹಿಡಿದು ಕೂಗಿದಳು. ಮುಂದೆ ಬಂದವರಿಗೆ ಕಾಗದದ ಎರಡು ಸಾಲಿನ ಅರ್ಥ ಬಿಡಿಸಿ ಹೇಳಿದಳು. ಕೆಲವರು ನಂಬಲಿಲ್ಲ. ಒಬ್ಬ, “ಶಿವಯೋಗೆಪ್ಪ ನಮ್ಮವ, ಹಂಗ ಮಾಡಾಂವಲ್ಲ” ಎಂದ. “ಹೋಗಿ ಹೊಲದಾಗ ನಿಂತು ನೋಡು, ನಿಮ್ಮವ ಎಂಥಾಂವ ಅಂತ ಕೊಡ್ಲಿ ಹೇಳ್ತೈತಿ” ಎಂದು ಅವಳು ಅವನ ಮುಖಕ್ಕೆ ಅಂದಳು. ಇಳಿಹೊತ್ತಿಗೆ ಐದು ಮಂದಿ ಸಂತೆಯ ಚೀಲ ಹೆಗಲಿಗೇರಿಸಿ ಹೊಲದ ದಾರಿ ಹಿಡಿದಿದ್ದರು. ಕಳ್ಳಕವಟಗಿಯ ಮೂರನೆಯವನಿಗೂ ಬೇರೊಬ್ಬನಿಗೂ ಹೇಳಿಕಳಿಸಿದ್ದಾಯಿತು.

ಅರಕೇರಿಯ ಇಬ್ಬರು ಬಂದಿರಲಿಲ್ಲ. ಅರಕೇರಿಗೆ ಹೊರಟ ಗಾಡಿಯೊಂದು ಸಿಕ್ಕಿತು. ಗಾಡಿಯಲ್ಲಿದ್ದ ಸೋನಾಬಾಯಿ ಎಂಬಾಕೆ ಹುಲ್ಲು ಸರಿಸಿ ಜಾಗ ಮಾಡಿಕೊಟ್ಟು ಕೇಳಿದಳು, “ನಿಂದು ಉಳೀತಲ್ಲ ಯವ್ವಾ, ಕಾಗದಾನೂ ಬಂತು. ಇಷ್ಟು ಓಡ್ಯಾಟ ಯಾಕ?”

“ನಂದೊಂದು ಗಿಡದ ಕಾಯಿ ಎಷ್ಟು ಊರಿಗೆ ಹಂಚಲೇ?” ಎಂದು ಮುರಿಗೆವ್ವ ಗದರಿದಳು. “ನಿಮ್ಮೂರಾಗ ಕೂಸುಗಳಿಲ್ಲೇನು? ಎತ್ತು ಹೊಡಿ ಅನ್ನು ಗಾಡಿಯವಗ.”