ಲುಮ್ಲಿ ಧಣಿಯ ಚುನಾವಣೆ

"ಹಲ್ಕಿರಿದಿದ್ದು ಸಾಕು, ನೂಲ್ ಕಟ್ಟೇ ಮುಂಡೆ," ಎಂದು ಮಗ್ಗಗಳ ಗದ್ದಲ ಮೀರಿಸಿ ಮೇಸ್ತ್ರಿ ಪಿಲ್ಲಿಂಗ್ ಒದರಿದ. ಮಗ್ಗದ ಕೆಲಸದ ಕೆಜಾಯ, ಕಡಿದ ಎಳೆಗೆ ಗಂಟು ಹಾಕುತ್ತಲೇ ಅವನ ಅಪ್ಪಣೆ ಕೇಳಿಸಿಕೊಂಡಳು. ಗಿರಣಿಯ ಧಣಿ ಲುಮ್ಲಿಯವರು ಪಾರ್ಲಿಮೆಂಟಿಗೆ ನಿಂತಿದ್ದಾರೆ. ನಾಳೆ ಚೌಕದಲ್ಲಿ ಎಲ್ಲರೂ ಅವರ ಪರ ಕೈ ಎತ್ತಬೇಕು. ಎತ್ತದವರು ಮತ್ತೆ ಗೇಟಿನ ಕಡೆ ಮುಖ ಹಾಕಕೂಡದು. ಧಣಿಯ ಎದುರು ನಿಂತಿದ್ದವನು ಜೇಬೆಜ್. ನೇಕಾರರ ಸಂಘ ಕಟ್ಟಿ, ದುಡಿಯುವವರಿಗೂ ಮತ ಬೇಕೆಂದು ಕೂಗಿ, ಇದೇ ಗಿರಣಿಯಿಂದ ಹೊರಬಿದ್ದವನು.

ಮರುದಿನ ಲಂಕಾಷೈರಿನ ಆ ಊರ ಚೌಕದಲ್ಲಿ ಧಣಿಯ ಖರ್ಚಿನಲ್ಲಿ ಬಿಯರು, ಮಾಂಸದ ಕಡುಬು ಹಂಚಿದರು. ಬಡವರು ತಾಳ್ಮೆಯಿಂದಿರಬೇಕೆಂದು ಬೋಧಿಸಿದ ಪಾದ್ರಿ ತಾನು ತಾಳಲಾರದೆ ಇನ್ನೊಂದು ಕಡುಬು ಎತ್ತಿಕೊಂಡ. ಧಣಿ ಸ್ವಾತಂತ್ರ್ಯದ ಬಗ್ಗೆ ಮಾತಾಡಿದರು. ಅಮೆರಿಕದ ಗುಲಾಮರನ್ನು ನೆನೆದು ಕಣ್ಣೊರೆಸಿಕೊಂಡರು. ದುಡಿಮೆಯ ತಾಸು ಇಳಿಸುವ ಬಗ್ಗೆ ಯಾರೋ ಕೇಳಿದಾಗ ಮಾತ್ರ ಅವರಿಗೆ ಕೆಮ್ಮು ಹತ್ತಿತು.

ಲುಮ್ಲಿಯವರ ಪರ ಇರುವವರು ಕೈ ಎತ್ತಿ ಎಂದ ಚುನಾವಣೆಯ ಅಧಿಕಾರಿ. ಅಂಗಡಿಕಾರರು ಎತ್ತಿದರು. ಗಿರಣಿಯವರು ಕದಲಲಿಲ್ಲ.

"ಎತ್ರೋ ಕೈಯ, ಸೂಳೆಮಕ್ಳಾ," ಎಂದು ಪಿಲ್ಲಿಂಗ್ ಹಲ್ಲು ಕಡಿದ.

"ಹೆಂಗ್ ಎತ್ತಾದು ಮೇಸ್ತ್ರಿ?" ಎಂದಳು ಕೆಜಾಯ. "ಒಂದ್ ಕೈಲಿ ಧಣೇರ ಬಿಯರು, ಇನ್ನೊಂದ್ರಲ್ಲಿ ಧಣೇರ ಕಡುಬು. ಚೆಲ್ಲಿದ್ರೆ ಪಾಪ ಬರಾಕಿಲ್ವಾ?"

ಜನ ಗೊಳ್ಳೆಂದರು. ಜೇಬೆಜ್‌ನ ಹೆಸರು ಕೂಗಿದ್ದೇ ತಡ, ಲೋಟಗಳೆಲ್ಲ ನೆಲಕ್ಕಿಳಿದವು, ಕೈಗಳೆಲ್ಲ ಮೇಲೆದ್ದವು. ಕೆಜಾಯಳದೂ ಎದ್ದಿತು. ಹೆಂಗಸರ ಕೈ ಲೆಕ್ಕಕ್ಕಿಲ್ಲ, ಇಳಿಸು ಎಂದು ಅಧಿಕಾರಿ ಗದರಿದ.

"ಗಿರಣೀಲಿ ಲೆಕ್ಕಕ್ಕೈತಲ್ಲ ಸ್ವಾಮಿ," ಎಂದಳು. ಇಳಿಸಲಿಲ್ಲ.

ಜೇಬೆಜ್ ಗೆದ್ದನೆಂದು ಸಾರಿದರು. ಕಡುಬು ಆರುವ ಮೊದಲೇ ಆ ಗೆಲುವು ಆರಿತು. ಕೈ ಎಣಿಸಿದ್ದು ಸಾಲದು, ಕಾಯಿದೆಯಂತೆ ಮತದಾನ ಆಗಲಿ ಎಂದು ಧಣಿಯ ಕಡೆಯವರು ಕೇಳಿದರು, ಮತವಿದ್ದದ್ದು ಆಸ್ತಿಯಿದ್ದ ಗಂಡಸರಿಗೆ ಮಾತ್ರ. ಹೀಗೆ ಲುಮ್ಲಿಯವರು ಜನರ ಪ್ರತಿನಿಧಿಯಾದರು.

ಮತದಾನ ಮುಗಿದ ಮರುಬೆಳಿಗ್ಗೆ ಪಿಲ್ಲಿಂಗ್ ಕೆಜಾಯಳನ್ನು ಗೇಟಿನಲ್ಲೇ ತಡೆದ. ಮನೆಯಲ್ಲಿ ತಳ ಕಂಡಿದ್ದ ಹಿಟ್ಟಿನ ಡಬ್ಬಿ ಅವಳಿಗೆ ನೆನಪಾಯಿತು. ಆದರೂ ಗೋಗರೆಯಲಿಲ್ಲ. ಗೇಟಿನೆದುರು ದಾರಿಯ ಒದ್ದೆ ಕಲ್ಲುಹಾಸಿನ ನಡುವೆ ಕೂತುಬಿಟ್ಟಳು. ಪಕ್ಕದ ಮಗ್ಗದ ಟೇಮರ್ ಅವಳನ್ನು ನೋಡಿದಳು, ಗೇಟನ್ನು ನೋಡಿದಳು, ಬಂದು ಮಗ್ಗುಲಲ್ಲೇ ಕೂತಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಕೂತರು. ಒಳಗೆ ಉಗಿಯಂತ್ರ ಬರಿದೇ ಗುಡುಗುತ್ತಿತ್ತು.

ಅಷ್ಟರಲ್ಲಿ ಲಂಡನ್ನಿಗೆ ಹೊರಟ ಧಣಿಯ ಸಾರೋಟು ಬಂದು ನಿಂತಿತು. ಕುದುರೆಯ ಬಿಸಿಯುಸಿರು ಕೆಜಾಯಳ ನೆತ್ತಿಗೆ ತಗುಲಿತು.

"ಏಳಮ್ಮಿ, ಜನಗಳ ಪ್ರತಿನಿಧಿ ಹೋಗ್ಬೇಕು," ಎಂದ ಸಾರೋಟಿನವನು.

"ಜನ ಇಲ್ಲೇ ಅವ್ರೆ. ಅವ್ರ ಪ್ರತಿನಿಧಿ ಎಲ್ಲಿಗ್ ಹೋಯ್ತಾರೆ?" ಎಂದು ಕೆಜಾಯ ಕಾಲು ಇನ್ನಷ್ಟು ಚಾಚಿದಳು.