ದಾನೇಶ್ವರಿಯ ಬಲಗಿವಿಯಲ್ಲಿ ನಾನು

ನಾನು ಒಂದು ಕಿವಿಯ ಯಂತ್ರ. ಆಕಾರದಲ್ಲಿ ಗೋಡಂಬಿ, ಸ್ವಭಾವದಲ್ಲಿ ಮೆಣಸಿನಕಾಯಿ. ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಬಂದೆ. ಮೊದಲು ನನ್ನನ್ನು ಕೊಂಡವರು ಒಬ್ಬ ನಿವೃತ್ತ ಮೇಷ್ಟ್ರು. ಮನೆಯವರು ಬೆನ್ನ ಹಿಂದೆ ಆಡುವ ಮಾತೆಲ್ಲ ಅವರಿಗೆ ಕೇಳಿಸತೊಡಗಿತು. ವಾರದೊಳಗೇ ನನ್ನನ್ನು ವಾಪಸ್ ಕೊಟ್ಟರು. ತಪ್ಪು ನನ್ನದಲ್ಲ.

ಆಮೇಲೆ ಸೇರಿದ್ದು ಆರು ವರ್ಷದ ದಾನೇಶ್ವರಿಯ ಕಿವಿಯನ್ನು. ಅಪ್ಪ ಫಕ್ಕೀರೇಶ ವೆಲ್ಡರ್, ಅವ್ವ ನೀಲಾ. ವೆಲ್ಡರುಗಳು ಬೇಕೆಂದು ಕರೆದ ದೂರದ ದೇಶಕ್ಕೆ ಮೂವರೂ ತಾತ್ಕಾಲಿಕ ವೀಸಾದ ಮೇಲೆ ಹೋದರು. ನಾನೂ ಹೋದೆ, ನನಗೆ ಯಾರೂ ವೀಸಾ ಕೇಳಲಿಲ್ಲ. ಫಕ್ಕೀರೇಶ ಅಲ್ಲಿಯ ಸೇತುವೆಗಳನ್ನು ಬೆಸೆದ, ತೆರಿಗೆ ಕಟ್ಟಿದ. ಮನೆಯವರು ದಾನಿ ಎಂದೇ ಕರೆಯುತ್ತಿದ್ದ ನನ್ನ ಹುಡುಗಿ ಅಲ್ಲಿಯ ಭಾಷೆ ಕಲಿತಳು, ತುಟಿ ನೋಡಿ ಮಾತು ತಿಳಿಯುವುದನ್ನೂ ಕಲಿತಳು.

ಅವಳಿಗೆ ಹದಿನೈದು ತುಂಬಿದಾಗ ಕಾಯಂ ವಾಸಕ್ಕೆ, ಎಂದರೆ ಪಿಆರ್‌ಗೆ, ಅರ್ಜಿ ಹಾಕಿದರು. ವೈದ್ಯಕೀಯ ತಪಾಸಣೆಯಲ್ಲಿ ನಾನು ಕಣ್ಣಿಗೆ ಬಿದ್ದೆ. ಹುಡುಗಿಯ ಕಿವಿಗೆ ಸರ್ಕಾರದ ಖರ್ಚು ಹೆಚ್ಚಂತೆ. ಒಬ್ಬಳು ಬೇಡವಾದರೆ ಇಡೀ ಮನೆಯೇ ಬೇಡವಂತೆ. ಅರ್ಜಿ ತಿರಸ್ಕೃತವಾಯಿತು. ನನಗೆ ಮೈಯೆಲ್ಲ ಉರಿಯಿತು.

ನಮ್ಮ ಕಡೆಯವನೇ ಆದ ಒಬ್ಬ ವೀಸಾ ಏಜೆಂಟ್ ಮನೆಗೆ ಬಂದು ಉಪಾಯ ಹೇಳಿದ. “ಹುಡುಗೀನ ಗದಗಕ್ಕ ಅಜ್ಜಿ ಹತ್ರ ಕಳಸ್ರಿ. ಅರ್ಜಿಯಾಗಿಂದ ಆಕಿ ಹೆಸರು ತಗಸ್ರಿ. ನಿಮ್ಮಿಬ್ಬರದು ಆಗಿಬಿಡ್ತೈತಿ.”

ಫಕ್ಕೀರೇಶ ತಲೆ ತಗ್ಗಿಸಿ ಕುಳಿತ. ನೀಲಾ ಎದ್ದು ಬಾಗಿಲು ತೆರೆದಳು.

“ಮಗಳನ್ನ ಬಿಟ್ಟು ತಗೊಳ್ಳೋ ಪಿಆರ್ ನಿಮ್ಮ ಹತ್ರನ ಇರ್ಲಿ. ಇದ್ರ ಮೂರು ಮಂದಿ, ಇಲ್ಲಂದ್ರ ಒಬ್ರೂ ಇಲ್ಲ. ಹೊಂಡ್ರಿ!”

ದಾನಿ ಒಳಕೋಣೆಯಲ್ಲಿದ್ದಳು. ಆ ಮಾತನ್ನೆಲ್ಲ ಒಂದಕ್ಷರ ಬಿಡದೆ ನಾನೇ ಅವಳಿಗೆ ಕೇಳಿಸಿದೆ.

ಮೂವರ ಹೆಸರಲ್ಲೇ ಮೇಲ್ಮನವಿ ಹಾಕಿದರು. ಅದರ ವಿಚಾರಣೆಗೆ ಹೋಗುವಾಗ ದಾನಿ ನಾನು ಕಾಣುವಂತೆ ಕೂದಲನ್ನು ಎತ್ತಿ ಕಟ್ಟಿದಳು. ಅಧಿಕಾರಿ ಕಡತದಲ್ಲಿ ಮುಖ ಹುದುಗಿಸಿ, ದಾನಿಯ ಖರ್ಚು ಎಷ್ಟಾಗುತ್ತದೆಂದು ಓದತೊಡಗಿದಳು. ದಾನಿ ನನ್ನನ್ನು ಕಿವಿಯಿಂದ ತೆಗೆದು ಮುಷ್ಟಿಯಲ್ಲಿ ಹಿಡಿದಳು. ಹಾಗೆ ಮುಚ್ಚಿ ಹಿಡಿದರೆ ನಾನು ಕುಂಯ್ ಎಂದು ಶಿಳ್ಳೆ ಹೊಡೆಯುತ್ತೇನೆ. ಅಂದು ಜೀವವೆಲ್ಲ ಹಾಕಿ ಹೊಡೆದೆ. ಅಧಿಕಾರಿ ಬೆಚ್ಚಿ ತಲೆ ಎತ್ತಿದಳು.

“ಈಗ ನನಗೆ ಏನೂ ಕೇಳಿಸುವುದಿಲ್ಲ,” ಎಂದಳು ದಾನಿ ಅಲ್ಲಿಯ ಭಾಷೆಯಲ್ಲಿ. “ನಾನು ಬೇಡ ಅಂತ ನನ್ನ ಮುಖ ನೋಡಿ ಹೇಳಿ. ತುಟಿ ನೋಡಿದರೆ ನನಗೆ ತಿಳಿಯುತ್ತದೆ.”

ಆಕೆಯ ತುಟಿ ಆಡಲಿಲ್ಲ. ಕಡತ ಮುಚ್ಚಿದಳು.

ಮುಂದಿನ ತಿಂಗಳು ಮೂವರಿಗೂ ಪಿಆರ್ ಬಂತು. ಆ ಅಧಿಕಾರಿಗೆ ಹೋಗಿ ಕೈಮುಗಿದು ಬರೋಣ ಎಂದ ಫಕ್ಕೀರೇಶ. “ಯಾಕಪ್ಪಾ? ನಾವೇನು ಭಿಕ್ಷಾ ಬೇಡಿದ್ವೇನು?” ಎಂದಳು ಮಗಳು. ಅವ್ವ ನಕ್ಕಳು.

ಈಗ ನನಗೆ ವಯಸ್ಸಾಗಿದೆ. ಮೇಜಿನ ಖಾನೆಯಲ್ಲಿ ಹತ್ತಿಯ ಮೇಲೆ ಮಲಗಿದ್ದೇನೆ. ಅವಳ ಕಿವಿಗೆ ಹೊಸ ಯಂತ್ರ ಬಂದಿದೆ. ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು. ಆದರೂ ಅದನ್ನು ಕೊಂಡ ದಿನದ ಸುದ್ದಿ ಕೇಳಿ ಎದೆಯುಬ್ಬಿತು. ಯಾರಿಗೂ ಕಾಣದಂತೆ ಚರ್ಮದ ಬಣ್ಣದ್ದೇ ಕೊಡಲೇ ಎಂದು ಅಂಗಡಿಯವ ಕೇಳಿದನಂತೆ. ಅವಳು ಬೆರಳಿಟ್ಟು ತೋರಿಸಿದ್ದು ಕಡುಗೆಂಪು, ಬೀದಿಯ ಆಚೆಯವರಿಗೂ ಕಾಣುವಂಥದ್ದು.