ಅಮ್ಮ ಕ್ರೇನ್ ಏರಿದ್ದು

ಅಕ್ಕ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು, ತಂಗಿ ಮೊಬೈಲ್ ರಿಪೇರಿ ಮಾಡುವವಳು. ಹುಟ್ಟಿದಾಗಿನಿಂದ ಇಬ್ಬರಿಗೂ ಒಂದೇ ವಿಷಯದಲ್ಲಿ ಒಮ್ಮತ: ತಪ್ಪೇನಿದ್ದರೂ ಇನ್ನೊಬ್ಬಳದು. ಅಂಥವರು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ವರ್ಚುವಲ್ ರಿಯಾಲಿಟಿ ಕನ್ನಡಕ ಕಟ್ಟಲು ಕೂತಾಗ, ಅಮ್ಮ ಗಾಜಿನ ಲೋಟಗಳನ್ನೆಲ್ಲ ತೆಗೆದು ಕಪಾಟಿನಲ್ಲಿಟ್ಟಳು.

ಕಣ್ಣಿಗೊಂದರಂತೆ ಎರಡು ಪುಟ್ಟ ಸ್ಕ್ರೀನ್ ತಂಗಿಯವು. ಅವುಗಳ ಮುಂದೆ ಕೂರುವ ಉಬ್ಬು ಮಸೂರಗಳು ಅಕ್ಕನವು. ಇವನ್ನೆಲ್ಲ ಹಿಡಿದಿಡಲು ಚಪ್ಪಲಿ ಬಂದಿದ್ದ ರಟ್ಟಿನ ಡಬ್ಬಿ, ಕೆನ್ನೆಗೆ ಒತ್ತದಂತೆ ಸ್ಪಂಜು, ತಲೆಗೆ ಬಿಗಿಯಲು ಪೈಜಾಮದ ಎಲಾಸ್ಟಿಕ್. ತಲೆ ಎತ್ತ ತಿರುಗಿತೆಂದು ಹೇಳುವ, ಉಗುರಿನಷ್ಟಗಲದ ಸೆನ್ಸರ್ ಡಬ್ಬಿಯ ನೆತ್ತಿಗೆ ಅಂಟಿತು.

ಒಳಗೆ ತೋರಿಸಲು ಬಂದರಿನ ದೊಡ್ಡ ಕ್ರೇನ್. ಅಪ್ಪ ನಿವೃತ್ತನಾಗುವವರೆಗೂ ಅದರ ತುದಿಯ ಗಾಜಿನ ಗೂಡಿನಲ್ಲಿ ಕೂತು ಹಡಗಿನ ಸರಕು ಎತ್ತಿ ಇಳಿಸಿದವನು. ಈಗ ಅಲ್ಲಿರುವ ಅವನ ಶಿಷ್ಯ, ನಾಲ್ಕೂ ದಿಕ್ಕನ್ನು ಒಟ್ಟಿಗೆ ಸೆರೆಹಿಡಿಯುವ ಕ್ಯಾಮೆರಾ ಇಟ್ಟು, ಬೆಳಗಿನ ಪಾಳಿಯನ್ನೇ ಹಿಡಿದು ಕಳಿಸಿದ್ದ.

ಮೊದಲು ತಂಗಿ ಹಾಕಿಕೊಂಡಳು. "ಎಲ್ಲಾ ಮಸುಕು. ನಿನ್ನ ಗಾಜೇ ಸರಿಯಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಸ್ಕ್ರೀನನ್ನ ಅಷ್ಟು ಹತ್ತಿರ ಅಂಟಿಸಿದ್ರೆ ಇನ್ನೇನಾಗುತ್ತೆ? ಒಂದು ಬೆರಳು ಹಿಂದೆ ತಳ್ಳು."

ತಳ್ಳಿದ್ದೇ ತಡ, ಸಮುದ್ರ ಕಣ್ಣಿಗೆ ಕಟ್ಟಿತು. ಖುಷಿಯಿಂದ ತಂಗಿ ಆಕಾಶದತ್ತ ಕತ್ತೆತ್ತಿದಳು. ಸೆನ್ಸರ್ ತಲೆಕೆಳಗಾಗಿತ್ತು, ಆಕಾಶದ ಬದಲು ಪಾತಾಳ ಕಂಡಿತು. "ಅಯ್ಯೋ, ಬಿದ್ದೆ!" ಎಂದವಳು ಒಗೆದ ಬಟ್ಟೆಯ ರಾಶಿಯ ಮೇಲೆ ದೊಪ್ಪನೆ ಬಿದ್ದೇಬಿಟ್ಟಳು. ಅಕ್ಕನಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು.

ಸೆನ್ಸರ್ ನೆಟ್ಟಗಾಯಿತು. "ಈಗ ನನಗೆ ಹಾಕ್ರೇ," ಎಂದಳು ಅಮ್ಮ.

"ಸ್ಟೂಲ್ ಹತ್ತಿದ್ರೇ ತಲೆ ಸುತ್ತುತ್ತೆ ನಿಂಗೆ," ಎಂದ ಅಪ್ಪ.

ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲಾಸ್ಟಿಕ್ ಬಿಗಿದದ್ದೇ ಕತ್ತನ್ನು ಅತ್ತಿತ್ತ ತಿರುಗಿಸತೊಡಗಿದಳು. ಅಕ್ಕ ಹತ್ತಿರ ಬಗ್ಗಿದಳು. ಮತ್ತೆ ಮಸುಕಾಯಿತೇ?

"ಅಮ್ಮಾ, ಕಾಣ್ತಿದೆಯಾ?"

"ರೀ," ಎಂದಳು ಅಮ್ಮ ನಿಧಾನವಾಗಿ. "ದಿನಾ ಮನೆಗೆ ಬಂದು ಧೂಳು, ಬಿಸಿಲು, ಬೆನ್ನುನೋವು ಅಂತ ರಾಗ ಎಳೀತಿದ್ರಲ್ಲ. ಇಷ್ಟು ಚೆಂದ ಇದೆ ಅಂತ ಒಂದಿನ ಬಾಯಿಬಿಟ್ರಾ?"

"ಧೂಳೂ ಇತ್ತು ಕಣೇ."

"ಎಲ್ಲಿ? ತೋರಿಸಿ!"

ಅಪ್ಪ ಎದ್ದುಬಂದು ಅವಳ ಭುಜ ಹಿಡಿದು ತಿರುಗಿಸಿದ. "ಅಲ್ಲಿ ನೀರಿನ ಟ್ಯಾಂಕ್ ಇದೆಯಾ? ಅದರ ಪಕ್ಕ ನಮ್ಮ ಮನೆ ತಾರಸಿ. ನೀನು ಬಟ್ಟೆ ಒಣಹಾಕೋದು ಕಾಣ್ತಿತ್ತು."

ಡಬ್ಬಿಯ ಕೆಳಗೆ ಅಮ್ಮನ ಕೆನ್ನೆ ಕೆಂಪಾಯಿತು. "ಕೈ ಬೀಸೋದಲ್ವಾ ಮತ್ತೆ?"

"ಬೀಸ್ತಿದ್ದೆ. ನೀನು ತಲೆ ಎತ್ತಿದ್ರೆ ತಾನೇ?"

ಅಮ್ಮ ತಕ್ಷಣ ತಾರಸಿಯ ಕಡೆಗೆ ಎರಡೂ ಕೈ ಬೀಸಿದಳು. ಅಪ್ಪನ ಕನ್ನಡಕ ಹಾರಿ ಉಪ್ಪಿನ ಡಬ್ಬಿಗೆ ಬಿತ್ತು. ಅಷ್ಟರಲ್ಲಿ ಒಂದು ಕಂಟೇನರ್ ತೂಗುತ್ತ ಅವಳೆದುರಿಗೇ ಬಂತು. ಕಿರುಚಿಕೊಂಡು ಮೇಜಿನಡಿ ನುಗ್ಗಿದಳು. ಅಲ್ಲಿಂದಲೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅಪ್ಪನೂ ಮೊಣಕಾಲೂರಿ ಮೇಜಿನಡಿಗೆ ತೂರಿದ.

"ಈಗ ನಂಗೆ ಕೊಡೇ."

"ಸುಮ್ನಿರಿ, ಹಡಗು ಬರ್ತಿದೆ!"

ಅಕ್ಕ ಇನ್ನೂ ನಿಲ್ಲದ ಬಿಕ್ಕಳಿಕೆಯ ನಡುವೆ ತಂಗಿಯ ಕಿವಿಯಲ್ಲಿ ಕೇಳಿದಳು, "ಇನ್ನೆರಡು ಸ್ಕ್ರೀನ್ ಇದೆಯಾ?"

"ಇದೆ. ಗಾಜು?"

ಅಕ್ಕ ಆಗಲೇ ಅಂಗಡಿಯ ಬೀಗದಕೈ ಹುಡುಕುತ್ತಿದ್ದಳು.